ಕೊನೆಯ ಪದ ವಿಶ್ರಾಂತಿ

ಹಲವು ವರ್ಷಗಳ ಕಾಲ, ವಾರದ ಏಳು ದಿನಗಳಲ್ಲಿ ನಾನು ಅತಿ ಹೆಚ್ಚು ದಣಿಯುತ್ತಿದ್ದ ದಿನವೆಂದರೆ ಭಾನುವಾರ. ನಮ್ಮ ಕ್ರೈಸ್ತ ಸಭೆಯ ಗಾಯಕವೃಂದವನ್ನು ನಡೆಸುವುದು, ಕೀಬೋರ್ಡ್ ನುಡಿಸುವುದು, ಆ ದಿನದ ಗೀತೆಗಳನ್ನು ಆರಿಸಿ ಶ್ರುತಿ ಗೊತ್ತುಮಾಡುವುದು ಎಲ್ಲವೂ ನನ್ನ ಪಾಲಿಗಿದ್ದುದರಿಂದ, ಆರಾಧನೆ ನನಗೆ ಮೊದಲಿನಿಂದ ಕೊನೆಯವರೆಗೂ ಕಾವಲು ಕಾಯುವ ಕೆಲಸವಾಗಿಬಿಟ್ಟಿತ್ತು. ಸಭಾಪಾಲಕರು ಪ್ರಾರ್ಥಿಸುವಾಗ ನಾನು ಮುಂದಿನ ಹಾಡಿನ ಪುಟ ತೆಗೆಯುತ್ತಿದ್ದೆ. ಪ್ರಸಂಗ ನಡೆಯುವಾಗ ಯಾವ ಮೈಕು ಗೊರಗುಟ್ಟುತ್ತಿದೆಯೆಂದು ಕಿವಿ ನಿಮಿರಿಸಿ ಕೂತಿರುತ್ತಿದ್ದೆ. ಕೊನೆಯ ಆಶೀರ್ವಚನದ ಹೊತ್ತಿಗೆ ತಂತಿಗಳನ್ನು ಸುತ್ತಿಡುವ ಲೆಕ್ಕಾಚಾರ ಶುರುವಾಗಿರುತ್ತಿತ್ತು. ದೇವರ ಶಾಂತಿ ನಿಮ್ಮೊಂದಿಗಿರಲಿ ಎಂಬ ಮಾತನ್ನು ಎಷ್ಟೋ ನೂರು ಸಲ ಕೇಳಿದ್ದೆ, ಆದರೆ ಆ 'ನಿಮ್ಮೊಂದಿಗೆ' ಎಂಬುದರಲ್ಲಿ ನಾನೂ ಸೇರಿದ್ದೇನೆಂದು ತಲೆಗೆ ಹೊಳೆದಿರಲಿಲ್ಲ. ಮನೆಗೆ ಬಂದು ಕುಸಿದು ಕೂತಾಗ ಮನಸ್ಸಿನಲ್ಲಿ ಉಳಿಯುತ್ತಿದ್ದುದು ಒಂದೇ ಪ್ರಶ್ನೆ: ಇವತ್ತು ಆರಾಧನೆ ಚೆನ್ನಾಗಿತ್ತೇ?

ಈ ಪ್ರಶ್ನೆಯಲ್ಲಿ ತಪ್ಪೇನಿದೆ ಎಂದು ಆಗ ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಧ್ವನಿ ಕೆಟ್ಟ ಮೇಲೆ. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆಯೆಂದೂ, ಮೂರು ತಿಂಗಳು ಹಾಡುವಂತಿಲ್ಲವೆಂದೂ, ಮೊದಲ ವಾರ ಮಾತನ್ನೂ ಆದಷ್ಟು ಕಡಿಮೆ ಮಾಡಬೇಕೆಂದೂ ವೈದ್ಯರು ಹೇಳಿದರು. ಗಂಟಲಿಗೆ ಔಷಧಕ್ಕಿಂತ ವಿಶ್ರಾಂತಿ ಮುಖ್ಯ ಎಂದು ಅವರೆಂದಾಗ ನನಗೆ ಸಮಾಧಾನವಾಗಲಿಲ್ಲ, ಅವಮಾನವಾಯಿತು. ನಾನಿಲ್ಲದೆ ಭಾನುವಾರ ಹೇಗೆ ನಡೆದೀತು ಎಂಬ ಚಿಂತೆ ಬೇರೆ. ಭಾನುವಾರ ಬಹಳ ಚೆನ್ನಾಗಿಯೇ ನಡೆಯಿತು. ಅದೂ ಒಂದು ಬಗೆಯ ನೋವೇ.

ಹಿಂದಿನ ಸಾಲಿನಲ್ಲಿ ಕೂತ ಮೊದಲ ಕೆಲವು ವಾರಗಳು ಸುಖದವೇನಲ್ಲ. ಹಾಡಿನ ನಡೆ ನಿಧಾನವಾಯಿತು, ಎರಡನೆಯ ಚರಣದಲ್ಲಿ ಶ್ರುತಿ ಇಳಿಯಿತು, ಯಾರೋ ಒಬ್ಬರು ಪಲ್ಲವಿಯನ್ನು ಒಂದು ಸಲ ಹೆಚ್ಚಿಗೆ ಹಾಡಿಸಿದರು ಎಂದು ಬಾಯಿ ಮುಚ್ಚಿಕೊಂಡೇ ತೀರ್ಪು ಕೊಡುತ್ತಿದ್ದೆ. ಮೌನವಾಗಿರುವವರೆಲ್ಲ ಶಾಂತರಾಗಿರುತ್ತಾರೆಂದು ನಂಬುವವರು ಒಮ್ಮೆ ಹಾಡುಗಾರರಿಗೆ ಹಾಡಬೇಡಿರೆಂದು ಹೇಳಿ ನೋಡಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರಂತೂ ಪ್ರತಿ ವಾರವೂ ಮೊದಲ ಗೀತೆ ಅರ್ಧ ಮುಗಿದ ಮೇಲೆ ಬರುತ್ತಿದ್ದರು, ಕನ್ನಡಕ ಹುಡುಕಿ ಪುಟ ತಿರುವುವಷ್ಟರಲ್ಲಿ ಇನ್ನೊಂದು ಸಾಲು ಕಳೆದಿರುತ್ತಿತ್ತು, ಆಮೇಲೆ ಇಡೀ ಸಭೆಗಿಂತ ಅರ್ಧ ಮಾತ್ರೆ ಹಿಂದೆ ಉಳಿದು, ಯಾವ ಶ್ರುತಿಗೂ ಸೇರದ ದಪ್ಪ ದನಿಯಲ್ಲಿ ಪೂರ್ಣ ಮನಸ್ಸಿನಿಂದ ಹಾಡುತ್ತಿದ್ದರು. ಮುಂದೆ ನಿಂತು ನುಡಿಸುತ್ತಿದ್ದಾಗ ಆ ದನಿ ಎಲ್ಲಿಂದ ಬರುತ್ತಿದೆಯೆಂದು ಕತ್ತೆತ್ತಿ ನೋಡಿದ್ದುಂಟು. ಈಗ ಅದು ನನ್ನ ಎಡಗಿವಿಯ ಪಕ್ಕದಲ್ಲೇ ಇತ್ತು.

ಮಾತು ಕಡಿಮೆಯಾದ ಆ ದಿನಗಳಲ್ಲಿ ಬೆಳಿಗ್ಗೆ ಏನಾದರೊಂದನ್ನು ಮನಸ್ಸಿನಲ್ಲೇ ಓದಿಕೊಳ್ಳೋಣವೆಂದು ಬೈಬಲಿನ 95ನೆಯ ಕೀರ್ತನೆಯನ್ನು ಆರಿಸಿಕೊಂಡೆ. ಆರಿಸಿಕೊಂಡದ್ದಕ್ಕೆ ಭಕ್ತಿಯ ಕಾರಣವೇನೂ ಇರಲಿಲ್ಲ. ಅದು ಹನ್ನೊಂದೇ ವಚನಗಳ ಚಿಕ್ಕ ಕೀರ್ತನೆ, ಮತ್ತು ಅದರ ಮೊದಲ ಭಾಗ ಗೀತೆಗಳಲ್ಲಿ ಹಾಡಿ ಹಾಡಿ ಬಾಯಿಪಾಠವಾಗಿತ್ತು. ಬನ್ನಿರಿ, ಹರ್ಷದಿಂದ ಕೂಗೋಣ ಎಂದು ಅದು ತೊಡಗುತ್ತದೆ. ಭೂಮಿಯ ಆಳಗಳೂ ಪರ್ವತಗಳ ಶಿಖರಗಳೂ ಆತನ ಕೈಯಲ್ಲಿವೆ, ಸಮುದ್ರವನ್ನು ಮಾಡಿದವನು ಆತನೇ, ಒಣನೆಲವೂ ಆತನ ಕೈಕೆಲಸವೇ ಎಂದು ಎಣಿಸುತ್ತ ಹೋಗಿ, ಮತ್ತೊಮ್ಮೆ ಬನ್ನಿರಿ ಎಂದು ಕರೆದು, ಈ ಸಲ ಅಡ್ಡಬೀಳೋಣ, ಮೊಣಕಾಲೂರೋಣ ಎನ್ನುತ್ತದೆ. ನಾವು ಆತನು ಮೇಯಿಸುವ ಜನ, ಆತನ ಕೈ ನಡೆಸುವ ಕುರಿಗಳು. ಗೀತೆಗಳಾಗಿ ಹಾಡುವಾಗ ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಕೀರ್ತನೆ ನಿಲ್ಲುವುದಿಲ್ಲ. ಏಳನೆಯ ವಚನದ ಅರ್ಧದಲ್ಲಿ ದನಿಯೇ ಬದಲಾಗುತ್ತದೆ: ಇವತ್ತೇ ಆತನ ಮಾತಿಗೆ ಕಿವಿಗೊಟ್ಟರೆ ಎಷ್ಟು ಚೆನ್ನು, ಮೆರೀಬದಲ್ಲಿ, ಮಸ್ಸದಲ್ಲಿ ಮಾಡಿದಂತೆ ಹೃದಯವನ್ನು ಕಠಿಣ ಮಾಡಿಕೊಳ್ಳಬೇಡಿರಿ. ಆಮೇಲೆ ದೇವರೇ ಮಾತನಾಡಿ, ನಲವತ್ತು ವರ್ಷ ಆ ಸಂತತಿಯವರ ವಿಷಯದಲ್ಲಿ ಬೇಸರಪಟ್ಟದ್ದನ್ನು ನೆನೆದು, ಅವರು ನನ್ನ ವಿಶ್ರಾಂತಿಯಲ್ಲಿ ಸೇರಲಾರರು ಎಂದು ಆಣೆಯಿಟ್ಟು ಮುಗಿಸುತ್ತಾನೆ. ಇಬ್ರಿಯ (ಹೀಬ್ರೂ) ಮೂಲದಲ್ಲಿ ಪದಗಳ ಕ್ರಮ ಹೇಗಿದೆಯೆಂದರೆ, 'ನನ್ನ ವಿಶ್ರಾಂತಿ' ಎಂಬುದೇ ಇಡೀ ಕೀರ್ತನೆಯ ಕಟ್ಟಕಡೆಯ ಪದ. ಹರ್ಷದ ಕೂಗಿನಿಂದ ಹೊರಟ ಹಾಡು ವಿಶ್ರಾಂತಿ ಎಂಬ ಪದದ ಮೇಲೆ ಬಂದು ನಿಲ್ಲುತ್ತದೆ, ಅದೂ ಆ ಬಾಗಿಲು ಮುಚ್ಚಿತೆಂಬ ವಾಕ್ಯದೊಳಗೆ.

ಈ ದ್ವಿತೀಯಾರ್ಧ ಆರಾಧನೆಯ ಹೊತ್ತಿಗೆ ಮುಜುಗರ ತರುತ್ತದೆ ಎಂಬುದು ನನ್ನೊಬ್ಬನ ಅನುಭವವಲ್ಲ. ಇಂಗ್ಲೆಂಡಿನ ಸಭೆಯಿಂದ ಬಂದ ಆಂಗ್ಲಿಕನ್ ಸಂಪ್ರದಾಯದ ಮುಂಜಾನೆಯ ಪ್ರಾರ್ಥನೆಯಲ್ಲಿ ಈ ಕೀರ್ತನೆಗೆ ಖಾಯಂ ಜಾಗವಿದೆ. ಆದರೆ ಅದೇ ಸಂಪ್ರದಾಯದ ಅಮೆರಿಕದ ಎಪಿಸ್ಕೋಪಲ್ ಸಭೆ 1789ರಲ್ಲಿ ತನ್ನದೇ ಪ್ರಾರ್ಥನಾಪುಸ್ತಕವನ್ನು ರೂಪಿಸಿದಾಗ, ಎಚ್ಚರಿಕೆಯ ಭಾಗವನ್ನು ಕೈಬಿಟ್ಟು ಆ ಜಾಗಕ್ಕೆ 96ನೆಯ ಕೀರ್ತನೆಯ ಎರಡು ವಚನಗಳನ್ನು ತಂದು ಜೋಡಿಸಿತು. ಬೆಳಗಿನ ಹೊತ್ತಿನಲ್ಲಿ ದೇವರ ಸಿಟ್ಟನ್ನು ಹಾಡುವುದೇಕೆ ಎಂಬ ಹಿಂಜರಿಕೆ ಅರ್ಥವಾಗುವಂಥದ್ದೇ. ಆದರೆ ಸಿಟ್ಟನ್ನು ಕತ್ತರಿಸಿದಾಗ ಅದರ ಜೊತೆಗೆ ವಿಶ್ರಾಂತಿ ಎಂಬ ಪದವೂ ಕತ್ತರಿಗೆ ಸಿಕ್ಕಿತು. ಹರ್ಷ ಉಳಿಯಿತು, ಆ ಹರ್ಷ ಎಲ್ಲಿಗೆ ಹೋಗಿ ತಲುಪಬೇಕೋ ಅದು ಉಳಿಯಲಿಲ್ಲ. ಎಷ್ಟೋ ವರ್ಷ ನಾನು ನಡೆಸಿದ ಆರಾಧನೆಯೂ ಹೀಗೆ ಅರ್ಧದಲ್ಲಿ ಕತ್ತರಿಸಿದ ಕೀರ್ತನೆಯೇ ಆಗಿತ್ತು.

ಮಸ್ಸ ಎಂದರೆ ಪರೀಕ್ಷೆ, ಮೆರೀಬ ಎಂದರೆ ಜಗಳ. ಕಥೆ ವಿಮೋಚನಕಾಂಡದ ಹದಿನೇಳನೆಯ ಅಧ್ಯಾಯದಲ್ಲಿದೆ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಹೊರಬಂದ ಇಸ್ರಾಯೇಲ್ ಜನ ಅರಣ್ಯದಲ್ಲಿ ತಮ್ಮ ನಾಯಕ ನೀರಿಲ್ಲದೆ ಮೋಶೆಯ ಮೇಲೆ ತಿರುಗಿಬೀಳುತ್ತಾರೆ, ಬಂಡೆಯಿಂದ ನೀರು ಹೊರಡುತ್ತದೆ. ಅವರ ಬಾಯಾರಿಕೆ ನಿಜವಾದದ್ದೇ. ಬಾಯಾರಿದ್ದಕ್ಕಾಗಿ ಅವರನ್ನು ಯಾರೂ ದೂಷಿಸುವುದಿಲ್ಲ. ಆ ಸ್ಥಳಕ್ಕೆ ಆ ಹೆಸರು ಅಂಟಿದ್ದು ಅವರು ಕೇಳಿದ ಪ್ರಶ್ನೆಯಿಂದ: ಯೆಹೋವನು ನಮ್ಮ ಮಧ್ಯದಲ್ಲಿದ್ದಾನೋ ಇಲ್ಲವೋ? ಈ ಸಾಲನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಪ್ರತಿ ಭಾನುವಾರ ಮಧ್ಯಾಹ್ನ ಕೇಳಿಕೊಳ್ಳುತ್ತಿದ್ದುದು ಇದೇ ಪ್ರಶ್ನೆಯನ್ನಲ್ಲವೇ? ಜನ ಎದೆತುಂಬಿ ಹಾಡಿದರೆ ದೇವರು ಇದ್ದಾನೆ, ಹಾಡು ತಣ್ಣಗಿದ್ದರೆ ಇಲ್ಲ. ನಾಲ್ಕು ಮಂದಿಯ ಕಣ್ಣು ಒದ್ದೆಯಾದರೆ ಇದ್ದಾನೆ, ಮೈಕು ಕೈಕೊಟ್ಟರೆ ಇಲ್ಲ. ಆರಾಧನೆ ಚೆನ್ನಾಗಿತ್ತೇ ಎಂದು ವಿಚಾರಿಸುವ ನೆಪದಲ್ಲಿ ನಾನು ವಾರಕ್ಕೊಮ್ಮೆ ದೇವರ ಹಾಜರಿ ತೆಗೆದುಕೊಳ್ಳುತ್ತಿದ್ದೆ. ಅಂಥ ಕೆಲಸದಲ್ಲಿ ದಣಿವಲ್ಲದೆ ಇನ್ನೇನು ಸಿಕ್ಕೀತು? ಆತನನ್ನು ಕರೆತರುವ ಹೊಣೆ ನನ್ನದೆಂದುಕೊಂಡ ಮೇಲೆ ಆತನ ಸನ್ನಿಧಿಯಲ್ಲಿ ಕೂತು ದಣಿವಾರಿಸಿಕೊಳ್ಳಲು ಸಮಯವೆಲ್ಲಿ?

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆ (ಅಂದರೆ ಪತ್ರ) ತನ್ನ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಇದೇ ಕೀರ್ತನೆಯನ್ನು ಹಿಡಿದು ನಿಧಾನವಾಗಿ ವ್ಯಾಖ್ಯಾನಿಸುತ್ತದೆ. ಅದರ ವಾದದ ಜಾಣ್ಮೆ ನನಗೆ ಬಹಳ ಇಷ್ಟ. ಮೋಶೆಯ ನಂತರದ ನಾಯಕ ಯೆಹೋಶುವನು ಜನರನ್ನು ದೇಶದೊಳಗೆ ಕರೆದೊಯ್ದಾಗಲೇ ವಿಶ್ರಾಂತಿ ದೊರೆತುಬಿಟ್ಟಿದ್ದರೆ, ಅಷ್ಟೊಂದು ಕಾಲದ ಮೇಲೆ ಈ ಕೀರ್ತನೆಯಲ್ಲಿ ದಾವೀದನ ಬಾಯಿಂದ 'ಇವತ್ತೇ' ಎಂದು ಹೇಳಿಸುವ ಅಗತ್ಯವೇನಿತ್ತು? ಆದ್ದರಿಂದ ಬಾಗಿಲು ಇನ್ನೂ ತೆರೆದಿದೆ, ದೇವರ ಜನರಿಗೆ ಒಂದು ಸಬ್ಬತ್ (ಏಳನೆಯ ದಿನದ) ವಿಶ್ರಾಂತಿ ಬಾಕಿಯಿದೆ ಎಂದು ಪತ್ರಿಕೆ ಹೇಳುತ್ತದೆ. ಅಲ್ಲಿ ಬಳಸಿರುವ 'ಸಬ್ಬತಿಸ್ಮೊಸ್' ಎಂಬ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಬರುವುದಿಲ್ಲ. ಆ ವಿಶ್ರಾಂತಿಯನ್ನು ಪ್ರವೇಶಿಸಿದವನು, ದೇವರು ತನ್ನ ಕೆಲಸಗಳನ್ನು ಮುಗಿಸಿ ವಿಶ್ರಮಿಸಿಕೊಂಡಂತೆ, ತಾನೂ ತನ್ನ ಕೆಲಸಗಳಿಂದ ವಿಶ್ರಮಿಸಿಕೊಳ್ಳುತ್ತಾನೆ. ತನ್ನ ಕೆಲಸಗಳಿಂದ ಎನ್ನುವಾಗ ಅವುಗಳಲ್ಲಿ ದೇವರಿಗಾಗಿ ಮಾಡುವ ಕೆಲಸಗಳೂ ಸೇರಿವೆ ಎಂಬುದನ್ನು ಗಾಯಕವೃಂದದವರು ವಿಶೇಷವಾಗಿ ಗಮನಿಸಬೇಕು.

ಹಾಗಾದರೆ ವಿಶ್ರಾಂತಿಯೆಂದರೆ ಬಿಡುವೇ, ರಜೆಯೇ? ಭಾನುವಾರವೆಂದರೆ ರಜೆಯೆಂಬ ಅಭ್ಯಾಸ ನಮಗೆ ಎಷ್ಟು ಬೇರೂರಿದೆಯೆಂದರೆ, ಕ್ರೈಸ್ತರ ಆರಾಧನೆಯ ಮೊದಲ ಶತಮಾನಗಳಲ್ಲಿ ಅದು ಕೆಲಸದ ದಿನವಾಗಿತ್ತೆಂಬುದನ್ನು ಮರೆಯುತ್ತೇವೆ. ಕ್ರಿ.ಶ. 112ರ ಸುಮಾರಿಗೆ ಈಗಿನ ತುರ್ಕಿಯಲ್ಲಿದ್ದ ಬಿಥೂನ್ಯ ಪ್ರಾಂತದ ರೋಮನ್ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತುಪಡಿಸಿದ ದಿನದಂದು ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂದು ಭಾವಿಸಿ ಸರದಿಯಂತೆ ಹಾಡುತ್ತಾರೆ ಎಂದು ವರದಿ ಮಾಡುತ್ತಾನೆ. ಹೆಚ್ಚಿನ ಸತ್ಯ ತಿಳಿಯಲೆಂದು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆನೆಂದೂ ಅದೇ ಪತ್ರದಲ್ಲಿ ನಿರುದ್ವೇಗದಿಂದ ಬರೆಯುತ್ತಾನೆ. ಬೆಳಕು ಹರಿಯುವ ಮೊದಲು ಯಾಕೆಂದರೆ, ದಾಸಿಯಾದವಳಿಗೆ ಬೆಳಕು ಹರಿದ ಮೇಲೆ ಒಡೆಯನ ಮನೆಯ ಕೆಲಸ ಕಾದಿರುತ್ತದೆ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿರಾಮದ ದಿನವಾಗಿ ಘೋಷಿಸಿದ್ದು 321ರಲ್ಲಿ; ಅದೂ ನ್ಯಾಯಾಧೀಶರಿಗೆ, ನಗರವಾಸಿಗಳಿಗೆ, ಕುಶಲಕರ್ಮಿಗಳಿಗೆ. ಹೊಲದ ಕೆಲಸದವರಿಗೆ ದುಡಿಯಲು ಅನುಮತಿಯಿತ್ತು. ಅಂದರೆ ಸುಮಾರು ಮುನ್ನೂರು ವರ್ಷಗಳ ಕಾಲ, ನಿದ್ದೆಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು ಬಂದವರು ಅಲ್ಲಿ ವಿಶ್ರಾಂತಿಯನ್ನು ಕಂಡುಕೊಂಡು, ಅಲ್ಲಿಂದ ನೇರವಾಗಿ ದುಡಿಮೆಗೆ ಹಿಂತಿರುಗುತ್ತಿದ್ದರು.

ಹಾಗಿದ್ದರೆ ಅವರಿಗೆ ದೊರೆತ ವಿಶ್ರಾಂತಿ ಯಾವುದು? ಸಬ್ಬತ್ತಿನ ಆಜ್ಞೆಗೆ ಕೊಟ್ಟಿರುವ ಎರಡು ಕಾರಣಗಳಲ್ಲಿ ಅದರ ಸುಳಿವಿದೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ, ದೇವರು ಆರು ದಿನಗಳಲ್ಲಿ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿಕೊಂಡದ್ದನ್ನು ಕಾರಣವಾಗಿ ಹೇಳುತ್ತದೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯ ಅದೇ ಆಜ್ಞೆಯನ್ನು ಮತ್ತೆ ಹೇಳುವಾಗ ಕಾರಣ ಬದಲಾಗುತ್ತದೆ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ, ಅಲ್ಲಿಂದ ನಿನ್ನನ್ನು ಬಿಡಿಸಿದೆನು, ಅದನ್ನು ನೆನೆ, ನಿನ್ನಂತೆಯೇ ನಿನ್ನ ದಾಸದಾಸಿಯರೂ ವಿಶ್ರಮಿಸಿಕೊಳ್ಳಲಿ. ಐಗುಪ್ತದಲ್ಲಿ ಅವರ ಬೆಲೆ ಅವರು ದಿನಕ್ಕೆ ಒಪ್ಪಿಸಬೇಕಾದ ಇಟ್ಟಿಗೆಗಳ ಎಣಿಕೆಯಷ್ಟೇ ಆಗಿತ್ತು. ಹುಲ್ಲು ಕೊಡದೆಯೂ ಎಣಿಕೆಯನ್ನು ಮಾತ್ರ ಕಡಿಮೆ ಮಾಡದಿದ್ದುದು ಫರೋಹನ ಕ್ರೌರ್ಯ. ಎಣಿಸುವವರಿಲ್ಲದ ಒಂದು ದಿನ ಎಂಬುದು ಆ ಜನರಿಗೆ ಎಂಥ ಮಾತಾಗಿದ್ದಿರಬೇಕು! ನಾನಂತೂ ಆ ದಿನದಲ್ಲೂ ಎಣಿಸುತ್ತಿದ್ದೆ. ಎಷ್ಟು ಹಾಡು, ಎಷ್ಟು ನಿಮಿಷ, ಎಷ್ಟು ಜನ.

ಹಿಂದಿನ ಸಾಲಿನಲ್ಲಿ ಎಣಿಕೆ ತಾನಾಗಿಯೇ ಬಿಟ್ಟುಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಐದನೆಯದೋ ಆರನೆಯದೋ ವಾರ, ಪಾಪನಿವೇದನೆಯ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಓದಿದ ನಂತರ, ದೇವರು ಕ್ರಿಸ್ತನಲ್ಲಿ ಕ್ಷಮಿಸುತ್ತಾನೆಂಬ ಮಾತನ್ನು ಸಭಾಪಾಲಕರು ಹೇಳಿದಾಗ, ಸಭೆಯವರೆಲ್ಲ ಆಮೆನ್ ಎಂದರು. ನನಗೆ ಗಟ್ಟಿಯಾಗಿ ಅನ್ನಲಾಗದಿದ್ದುದರಿಂದ ತುಟಿ ಮಾತ್ರ ಅಲುಗಿತು. ಆ ಕ್ಷಣದಲ್ಲಿ ಹೊಳೆದದ್ದಿಷ್ಟು: ಇಲ್ಲಿ ನಾನು ಮಾಡಬೇಕಾದ ಕೆಲಸ ಇಷ್ಟೇ. ಹೇಳಬೇಕಾದದ್ದನ್ನು ಇನ್ನೊಬ್ಬರು ಹೇಳಿದ್ದಾರೆ, ಮಾಡಬೇಕಾದದ್ದನ್ನು ಎಂದೋ ಆತನು ಮಾಡಿ ಮುಗಿಸಿದ್ದಾನೆ, ಹೌದು ಎನ್ನುವುದಷ್ಟೇ ನನ್ನ ಪಾಲು. ನಮ್ಮ ಆರಾಧನಾಕ್ರಮವನ್ನು ಆ ಮೇಲೆ ಗಮನಿಸಿ ನೋಡಿದೆ. ಕರೆಯುವವನು ದೇವರು, ವಾಕ್ಯ ಆತನದು, ಮೇಜಿನ ಮೇಲಿನ ರೊಟ್ಟಿಯೂ ಪಾನವೂ ಆತನು ಕೊಡುವಂಥವು, ಕೊನೆಗೆ ಆಶೀರ್ವದಿಸಿ ಕಳುಹಿಸುವವನೂ ಆತನೇ. ಇಡೀ ಕ್ರಮದಲ್ಲಿ ನಮ್ಮ ಹಾಡುಗಳು ಉತ್ತರದ ಜಾಗದಲ್ಲಿವೆ. ಅವನ್ನು ನಾನು ಪ್ರಶ್ನೆಯ ಜಾಗದಲ್ಲಿಟ್ಟು, ದೇವರಿಂದ ಉತ್ತರ ಬಂತೇ ಇಲ್ಲವೇ ಎಂದು ಕಾಯುತ್ತಿದ್ದೆ.

ಆನಂದದ ವಿಚಾರದಲ್ಲಿ ನನ್ನ ತಿಳಿವಳಿಕೆ ಇನ್ನಷ್ಟು ಸೊಟ್ಟಗಿತ್ತು. ಹಾಡಿನ ಕಾವೇ ಆನಂದವೆಂದು ನಂಬಿದ್ದೆ. ಮೂರನೆಯ ಚರಣದಲ್ಲಿ ಶ್ರುತಿಯನ್ನು ಒಂದು ಮೆಟ್ಟಿಲು ಏರಿಸಿದರೆ ಜನರಲ್ಲಿ ಉಲ್ಲಾಸ ಏರುತ್ತದೆಂಬುದು ನುಡಿಸುವವರಿಗೆಲ್ಲ ಗೊತ್ತಿರುವ ಕೈಚಳಕ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನು 397ರಿಂದ 400ರ ನಡುವೆ ಬರೆದ ಆತ್ಮನಿವೇದನೆಯಲ್ಲಿ ಈ ಕುರಿತು ಬಹಳ ಪ್ರಾಮಾಣಿಕವಾದ ಒಂದು ಅಳುಕಿದೆ. ವಿಶ್ವಾಸಕ್ಕೆ ಬಂದ ಹೊಸದರಲ್ಲಿ ಸಭೆಯ ಹಾಡುಗಳನ್ನು ಕೇಳಿ ಅತ್ತದ್ದನ್ನು ಆತ ನೆನೆಯುತ್ತಾನೆ, ಹಾಡಿನಿಂದಾಗುವ ಉಪಕಾರವನ್ನು ಒಪ್ಪುತ್ತಾನೆ, ಆದರೂ ಹಾಡಿದ ವಿಷಯಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ತಪ್ಪು ಮಾಡಿದೆನೆಂದು ಅರಿಕೆ ಮಾಡಿಕೊಂಡು, ಆಗ ಹಾಡುವವನ ದನಿ ಕೇಳದಿದ್ದರೇ ಚೆನ್ನಾಗಿತ್ತು ಎನ್ನುತ್ತಾನೆ. ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಸಂಗೀತವನ್ನು ದೇವರು ಕೊಟ್ಟದ್ದು ಸಂಶಯದಿಂದ ನೋಡಲೆಂದಲ್ಲ. ಆದರೆ ಕಾವು ಇಳಿದ ಮೇಲೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಆತ ಬಿಟ್ಟುಕೊಡುವುದಿಲ್ಲ. ನಾನು ಬಹಳ ಸುಲಭವಾಗಿ ಬಿಟ್ಟುಕೊಟ್ಟಿದ್ದೆ.

ಕೀರ್ತನೆಗಳ ಪುಸ್ತಕದಲ್ಲಿ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಇರುವುದು ಗೋಳಾಟದ ಹಾಡುಗಳು. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಆರಾಧನೆಯ ಪುಸ್ತಕದೊಳಗೇ ಇಟ್ಟುಕೊಂಡ ಜನ ಆನಂದವೆಂದರೆ ನಗುಮುಖವೆಂದು ತಿಳಿದಿರಲಾರರು. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ, ಸೆರೆಯಿಂದ ಹಿಂತಿರುಗಿದ ಜನರ ಮುಂದೆ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ, ಕೇಳಿದವರು ಅಳುತ್ತಾರೆ. ಆಗ ಅವರಿಗೆ ಬಂದ ಮಾತು: ದುಃಖಿಸಬೇಡಿರಿ, ಹೋಗಿ ಒಳ್ಳೆಯದನ್ನು ಉಣ್ಣಿರಿ, ಸಿಹಿಯಾದದ್ದನ್ನು ಕುಡಿಯಿರಿ, ಏನೂ ಸಿದ್ಧಮಾಡಿಕೊಳ್ಳಲಾಗದವರಿಗೆ ಪಾಲು ಕಳುಹಿಸಿರಿ, ಯೆಹೋವನ ಆನಂದವೇ ನಿಮ್ಮ ಬಲ. ಕೊನೆಯ ತುಣುಕನ್ನು ಮಾತ್ರ ಕಿತ್ತು ಗೋಡೆಯ ಮೇಲೆ ತೂಗುಹಾಕುವುದು ನಮಗೆ ರೂಢಿ. ಆ ಆನಂದ ಅಳುವಿನ ಬೆನ್ನಿಗೇ ಬಂದದ್ದು ಮತ್ತು ಏನೂ ಇಲ್ಲದವನ ಮನೆಗೆ ಹೊತ್ತೊಯ್ಯಬೇಕಾದದ್ದು ಎಂಬ ಎರಡೂ ಸಂಗತಿಗಳು ಗೋಡೆಗೆ ಬರುವುದಿಲ್ಲ. ಕ್ರಿ.ಶ. 155ರ ಸುಮಾರಿಗೆ ಕ್ರೈಸ್ತ ಲೇಖಕ ಜಸ್ಟಿನನು ಭಾನುವಾರದ ಕೂಟವನ್ನು ವರ್ಣಿಸುವಾಗಲೂ ಇದೇ ಕಾಣುತ್ತದೆ: ಸ್ತೋತ್ರ ಮಾಡಿ ಹಂಚಿದ ರೊಟ್ಟಿಯ ಪಾಲನ್ನು ಸಭಾಸೇವಕರು ಅಲ್ಲಿ ಬರಲಾಗದವರಿಗೆ ಒಯ್ದು ಕೊಡುತ್ತಿದ್ದರು, ಕೂಡಿಬಂದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು. ಬರಲಾಗದವನ ಪಾಲೂ ಅಲ್ಲಿರುತ್ತದೆ. ಹಾಡಲಾಗದವನ ಹಾಡೂ ಅಲ್ಲಿರುತ್ತದೆಂದು ನಾನು ಸೇರಿಸಿಕೊಂಡೆ. ಆ ಮೂರು ತಿಂಗಳು ನನ್ನ ಹಾಡನ್ನು ಬೇರೆಯವರು ಹಾಡಿದರು, ಎಡಗಿವಿಯ ಪಕ್ಕದ ಹಿರಿಯರೂ ಸೇರಿದಂತೆ. ಅದು ಶ್ರುತಿಯಲ್ಲಿರಲಿಲ್ಲ, ಆದರೂ ಅದರ ಮೇಲೆ ಒರಗಿಕೊಳ್ಳಬಹುದಿತ್ತು.

ಆ ಹಿರಿಯರ ತಡವಾಗಿ ಬರುವ ಅಭ್ಯಾಸವನ್ನು ನೆನೆದಾಗಲೆಲ್ಲ ಆರನೆಯ ಶತಮಾನದ ಸನ್ಯಾಸಿ ಬೆನೆಡಿಕ್ಟನು ಮಠಗಳಿಗೆಂದು ಬರೆದ ನಿಯಮಾವಳಿ ನೆನಪಾಗುತ್ತದೆ. ಆತನ ಮಠಗಳಲ್ಲಿ ರಾತ್ರಿಯ ಆರಾಧನೆಯ ಆರಂಭದಲ್ಲೇ ಈ 95ನೆಯ ಕೀರ್ತನೆ ಬರುತ್ತಿತ್ತು (ಲ್ಯಾಟಿನ್ ಎಣಿಕೆಯಲ್ಲಿ ಅದು 94). ಅದನ್ನು ಬೇಕೆಂದೇ ಎಳೆದು, ತಡೆತಡೆದು ಹಾಡಬೇಕೆಂದು ಬೆನೆಡಿಕ್ಟನು ವಿಧಿಸುತ್ತಾನೆ, ಯಾಕೆಂದರೆ ನಿದ್ದೆಯಿಂದ ಎದ್ದು ಓಡಿಬರುವವರಿಗೆ ಅದು ಮುಗಿಯುವುದರೊಳಗೆ ಬಂದು ಸೇರಲು ಸಾಧ್ಯವಾಗಲಿ. ಅದಕ್ಕಿಂತಲೂ ತಡವಾದವರಿಗೆ ಕೊನೆಯ ಜಾಗ. ಆದರೂ ಒಳಗೇ ಬರಬೇಕು, ಹೊರಗೆ ಬಿಟ್ಟರೆ ಮತ್ತೆ ಹೋಗಿ ಮಲಗುತ್ತಾರೆ ಇಲ್ಲವೇ ಹರಟೆಗೆ ಕೂರುತ್ತಾರೆ ಎಂದು ಆತ ಮನುಷ್ಯರನ್ನು ಚೆನ್ನಾಗಿ ಬಲ್ಲವನಂತೆ ಬರೆಯುತ್ತಾನೆ. ನನ್ನ ಕೈಯಲ್ಲಿ ಆ ಮಠದ ಸಂಗೀತವಿದ್ದಿದ್ದರೆ ಕೀರ್ತನೆ ಎರಡು ನಿಮಿಷದಲ್ಲಿ ಮುಗಿದು, ಅರ್ಧದಷ್ಟು ಸನ್ಯಾಸಿಗಳು ಹೊರಗುಳಿಯುತ್ತಿದ್ದರೇನೋ.

'ಕಷ್ಟಪಡುವವರೇ, ಹೊರೆಹೊತ್ತವರೇ' ಎಂದು ಕರೆದ ಯೇಸು, ವಿಶ್ರಾಂತಿ ಕೊಡುತ್ತೇನೆಂದ ಮರುಕ್ಷಣವೇ ನನ್ನ ನೊಗವನ್ನು ಹೊತ್ತುಕೊಳ್ಳಿರಿ ಎನ್ನುತ್ತಾನೆ. ದಣಿದು ಬಂದವನಿಗೆ ಹಾಸಿಗೆಯ ಬದಲು ನೊಗವನ್ನು ಕೊಡುವುದು ವಿಚಿತ್ರವೇ. ನೊಗಕ್ಕೆ ಎರಡು ಹೆಗಲು ಬೇಕೆಂಬುದು ನೆನಪಾದಾಗ ಮಾತ್ರ ಅದು ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ಸುವಾರ್ತೆಯಲ್ಲಿ ಮತ್ತಾಯನು ಈ ಮಾತಿನ ಬೆನ್ನಲ್ಲೇ ಎರಡು ಸಬ್ಬತ್ತಿನ ಜಗಳಗಳನ್ನು ಇಡುತ್ತಾನೆ: ಹಸಿದ ಶಿಷ್ಯರು ಪೈರಿನ ತೆನೆ ಮುರಿದದ್ದು, ಕೈಬತ್ತಿದವನು ಸಭಾಮಂದಿರದಲ್ಲಿ ಗುಣವಾದದ್ದು. ಎರಡರಲ್ಲೂ ವಿಶ್ರಾಂತಿಯ ದಿನವನ್ನು ಕಾವಲು ಕಾಯುವವರು ದಣಿದಿದ್ದಾರೆ, ಸಿಡುಕಿದ್ದಾರೆ. ಹಸಿದವರೂ ಕೈಬತ್ತಿದವನೂ ಹಗುರಾಗಿದ್ದಾರೆ. ಕಾವಲುಗಾರರ ಸಾಲಿನಲ್ಲಿ ನನ್ನನ್ನು ಗುರುತಿಸಿಕೊಳ್ಳಲು ಕಷ್ಟವಾಗಲಿಲ್ಲ.

ಗಂಟಲು ಸರಿಹೋಗಿ ನಾನು ಕೀಬೋರ್ಡಿನ ಹಿಂದೆ ಮರಳಿದ್ದೇನೆ. ಕೆಲಸ ಕಡಿಮೆಯಾಗಿಲ್ಲ, ಮೈಕು ಈಗಲೂ ಗೊರಗುಟ್ಟುತ್ತದೆ, ಕೆಲವು ಭಾನುವಾರ ಹಳೆಯ ಪ್ರಶ್ನೆ ಮನೆಯವರೆಗೂ ಹಿಂಬಾಲಿಸುತ್ತದೆ. ಒಂದೆರಡನ್ನು ಮಾತ್ರ ಬದಲಿಸಿಕೊಂಡಿದ್ದೇನೆ. ಆಶೀರ್ವಚನದ ಹೊತ್ತಿಗೆ ಕೈಗಳನ್ನು ತೊಡೆಯ ಮೇಲಿಟ್ಟು ಕೂರುತ್ತೇನೆ, ತಂತಿಗಳು ಕಾಯುತ್ತವೆ. ಕಳೆದ ವಾರ 95ನೆಯ ಕೀರ್ತನೆಯನ್ನು ಸಭಾಪಾಲಕರ ಒಪ್ಪಿಗೆ ಪಡೆದು ಹನ್ನೊಂದು ವಚನಗಳನ್ನೂ ಬಿಡದೆ ಹಾಡಿಸಿದೆ. ಎರಡನೆಯ ವಚನದ ಹೊತ್ತಿಗೆ ಬಾಗಿಲು ಕಿರುಗುಟ್ಟಿತು, ಹಿಂದಿನ ಸಾಲಿನಲ್ಲಿ ಕನ್ನಡಕದ ಪೆಟ್ಟಿಗೆ ತೆರೆದ ಸದ್ದಾಯಿತು, ಆಮೇಲೆ ಆ ದಪ್ಪ ದನಿ ಎಂದಿನಂತೆ ಅರ್ಧ ಮಾತ್ರೆ ಹಿಂದೆ ಹೊರಟಿತು. ಎಲ್ಲರೂ ಮುಗಿಸಿದ ಮೇಲೆ ಅವರೊಬ್ಬರ ಕೊನೆಯ ಪದ ಉಳಿದಿತ್ತು. ಅದು ಮುಗಿಯುವವರೆಗೆ ನಾನು ಕೀಬೋರ್ಡಿನ ಮನೆಗಳ ಮೇಲಿಂದ ಬೆರಳೆತ್ತಲಿಲ್ಲ.